ತಿಳಿಸಿದ ಪತ್ರ ಅನುಮತಿ ಪತ್ರವಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಗಣೇಶೋತ್ಸವವಿರಲಿ, ರಾಜ್ಯೋತ್ಸವವಿರಲಿ, ಊರ ಜಾತ್ರೆಯಿರಲಿ, ಧರಣಿಯಿರಲಿ, ಬಯಲಿನಲ್ಲಿ ಸಾವಿರಾರು ಜನರನ್ನು ಸೇರಿಸಬೇಕಾದರೆ ಯಾರನ್ನು, ಯಾವಾಗ, ಯಾವ ರೀತಿ ಕೇಳಬೇಕು ಎಂಬುದೇ ಆ ವಿಷಯ. ಇಂಥ ಅರ್ಜಿಗಳನ್ನು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಹಲವು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತು ನೋಡಿದವನು ನಾನು. ಆದ್ದರಿಂದ ನಿಯಮ ಏನು ಹೇಳುತ್ತದೆ ಎಂಬುದರ ಜೊತೆಗೆ ಕಡತ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನೂ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕನ್ನಡ ಸಂಘದಿಂದ ನವೆಂಬರ್ ತಿಂಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ರಾಜ್ಯೋತ್ಸವದ ಸಂಜೆ ನಡೆಸಬೇಕೆಂದಿದ್ದೇವೆ. ಸುಮಾರು ನಾಲ್ಕು ಸಾವಿರ ಜನ ಬರಬಹುದು. ಪೊಲೀಸ್ ಠಾಣೆಗೆ ಹೋದರೆ ಪುರಸಭೆಯ ಪತ್ರ ತನ್ನಿ ಎನ್ನುತ್ತಾರೆ, ಪುರಸಭೆಗೆ ಹೋದರೆ ಠಾಣೆಯ ಪತ್ರ ತನ್ನಿ ಎನ್ನುತ್ತಾರೆ. ಮೊದಲು ಹೋಗಬೇಕಾದದ್ದು ಎಲ್ಲಿಗೆ?
ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಎರಡೂ ಕಡೆಗಲ್ಲ. ಮೊದಲು ಮೈದಾನದ ಒಡೆತನ ಯಾರದೋ ಅವರ ಬಳಿಗೆ ಹೋಗಬೇಕು. ನೀವು ಹೇಳಿದ ಮೈದಾನ ಶಾಲೆಯದಾದ್ದರಿಂದ ಮುಖ್ಯ ಶಿಕ್ಷಕರ ಮೂಲಕ ಶಿಕ್ಷಣ ಇಲಾಖೆಗೆ ಅರ್ಜಿ ಸಲ್ಲಿಸಿ, ಆ ದಿನ, ಆ ಸಮಯಕ್ಕೆ ಜಾಗ ಕೊಡಲು ಅಭ್ಯಂತರವಿಲ್ಲವೆಂಬ ಪತ್ರವನ್ನು ಲಿಖಿತವಾಗಿ ಪಡೆಯಬೇಕು. ಅದೇ ಜಾಗ ಪುರಸಭೆಯದಾಗಿದ್ದರೆ ಮುಖ್ಯಾಧಿಕಾರಿಗಳಿಗೆ, ನಗರಸಭೆಯದಾಗಿದ್ದರೆ ಪೌರಾಯುಕ್ತರಿಗೆ, ಗ್ರಾಮ ಪಂಚಾಯಿತಿಯದಾಗಿದ್ದರೆ ಅಭಿವೃದ್ಧಿ ಅಧಿಕಾರಿಗೆ, ಕಂದಾಯ ಭೂಮಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಹೋಗಬೇಕಾಗುತ್ತಿತ್ತು. ಜಾಗದ ಪತ್ರವಿಲ್ಲದೆ ಬಂದ ಅರ್ಜಿಯನ್ನು ಠಾಣೆಯವರು ಮುಂದೆ ಒಯ್ಯುವುದಿಲ್ಲ. ಒಯ್ಯದಿರುವುದು ಸರಿಯೂ ಹೌದು, ಏಕೆಂದರೆ ಒಂದೇ ಮೈದಾನಕ್ಕೆ ಒಂದೇ ಸಂಜೆ ಎರಡು ಸಂಘಗಳು ಬಂದು ನಿಂತ ಉದಾಹರಣೆಗಳನ್ನು ನಾನೇ ಕಂಡಿದ್ದೇನೆ.

ಜನ ಸಾಮಾನ್ಯವಾಗಿ ‘ಪರ್ಮಿಷನ್’ ಎಂದು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವದಲ್ಲಿ ಮೂರು ಬೇರೆ ಬೇರೆ ಒಪ್ಪಿಗೆಗಳ ಕಟ್ಟು. ಜಾಗ ಬಳಸಲು ಒಡೆಯರ ಒಪ್ಪಿಗೆ ಮೊದಲನೆಯದು. ಜನ ಸೇರುವುದಕ್ಕೆ, ಮೆರವಣಿಗೆಗೆ, ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಎರಡನೆಯದು. ಕಟ್ಟುವ ವೇದಿಕೆ, ಶಾಮಿಯಾನ, ಎಳೆಯುವ ವಿದ್ಯುತ್, ಹಂಚುವ ಊಟ, ಕಟ್ಟುವ ಬ್ಯಾನರ್ ಇವುಗಳಿಗೆ ಸಂಬಂಧಿಸಿದ ಇಲಾಖೆಗಳ ನಿರಾಕ್ಷೇಪಣೆ ಮೂರನೆಯದು. ನಿಮ್ಮ ಪುರಸಭೆ ಈ ಮೂರನೆಯ ಗುಂಪಿನಲ್ಲಿ ಬರುತ್ತದೆ: ಬ್ಯಾನರ್ ಶುಲ್ಕ, ಕುಡಿಯುವ ನೀರು, ಕಸ ಎತ್ತುವುದು, ತಾತ್ಕಾಲಿಕ ಶೌಚಾಲಯ, ರಸ್ತೆ ಅಗೆದು ಕಂಬ ನೆಡುವುದಾದರೆ ಅದರ ಒಪ್ಪಿಗೆ. ಶಾಲೆಯ ಪತ್ರದ ಪ್ರತಿಯನ್ನು ಲಗತ್ತಿಸಿ ಠಾಣೆಗೂ ಪುರಸಭೆಗೂ ಒಂದೇ ದಿನ ಅರ್ಜಿ ಸಲ್ಲಿಸಿ, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಕೊಟ್ಟರೆ ನೀವು ಹೇಳುವ ಸುತ್ತಾಟ ನಿಲ್ಲುತ್ತದೆ. ಎರಡೂ ಕಡೆ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್‌ವರ್ಡ್ ಸಂಖ್ಯೆಯಿರುವ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಸಾಹೇಬರ ಕೈಗೇ ಕೊಟ್ಟೆವು ಎಂಬುದಕ್ಕೆ ಕಡತದಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

ಇನ್ನು ನಿಮ್ಮ ಪತ್ರದಲ್ಲಿರುವ ನಾಲ್ಕು ಸಾವಿರ ಎಂಬ ಸಂಖ್ಯೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅರ್ಜಿಯಲ್ಲಿ ಈ ಅಂಕಿಯನ್ನು ಬರೆಯುವಾಗ ಸಂಘಟಕರು ಒಂದೋ ಅತಿಥಿಗಳಿಗೆ ತೋರಿಸಲು ಹಿಗ್ಗಿಸುತ್ತಾರೆ, ಇಲ್ಲವೇ ಷರತ್ತುಗಳಿಗೆ ಹೆದರಿ ಕುಗ್ಗಿಸುತ್ತಾರೆ. ಎರಡೂ ಬೇಡ; ಟೇಪು ಹಿಡಿದು ಮೈದಾನ ಅಳೆಯಿರಿ. ಉದ್ದ 80 ಮೀಟರ್, ಅಗಲ 50 ಮೀಟರ್ ಎಂದಿಟ್ಟುಕೊಂಡರೆ ಒಟ್ಟು 4,000 ಚದರ ಮೀಟರ್. ವೇದಿಕೆ, ವೇದಿಕೆಯ ಮುಂದಿನ ತೆರವು, ಜನರೇಟರ್, ಊಟದ ಸಾಲು, ಆಂಬುಲೆನ್ಸ್ ನಿಲ್ಲುವ ಜಾಗ ಇವೆಲ್ಲ ಮೂರನೆಯ ಒಂದು ಭಾಗವನ್ನು ತಿಂದುಬಿಡುತ್ತವೆ. ಉಳಿದ ಸುಮಾರು 2,600 ಚದರ ಮೀಟರಿನಲ್ಲಿ ಕುರ್ಚಿ ಹಾಕಿ ನಡುನಡುವೆ ಓಡಾಡಲು ದಾರಿ ಬಿಟ್ಟರೆ ತಲೆಗೆ ಹತ್ತಿರ ಹತ್ತಿರ ಒಂದು ಚದರ ಮೀಟರ್ ಬೇಕಾಗುತ್ತದೆ, ಅಂದರೆ ನಾಲ್ಕು ಸಾವಿರ ಜನಕ್ಕೆ ಕುರ್ಚಿ ಹಾಕಲು ಈ ಮೈದಾನ ಸಾಲದು. ಒಂದಷ್ಟು ಜನ ನಿಲ್ಲುವುದಾದರೆ ಸಾಲುತ್ತದೆ, ಆದರೆ ನಿಲ್ಲುವವರ ಜಾಗವನ್ನು ಬೇರೆಯಾಗಿ ಗುರುತಿಸಬೇಕು. ಚದರ ಮೀಟರಿಗೆ ಐದು ಮಂದಿ ಮೀರಿ ಒತ್ತಿಕೊಂಡರೆ ಯಾರೂ ತಮ್ಮ ಇಚ್ಛೆಯಂತೆ ಕಾಲೆತ್ತಿ ಇಡಲಾರರು; ಇಡೀ ಗುಂಪು ನೀರಿನ ಅಲೆಯಂತೆ ಹೊಯ್ದಾಡುತ್ತದೆ. ಕಾಲ್ತುಳಿತವೆಂದು ಪತ್ರಿಕೆಗಳಲ್ಲಿ ಬರುವ ಸಾವುಗಳಲ್ಲಿ ಬಹಳಷ್ಟು ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿ ಸಂಭವಿಸುತ್ತವೆ.

ಗೇಟಿನ ಲೆಕ್ಕ ಇದಕ್ಕಿಂತ ಮುಖ್ಯ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಮಂದಿ ಹೊರಹೋಗಬಲ್ಲರು ಎಂಬುದು ಜನಸಂದಣಿ ನಿರ್ವಹಣೆಯಲ್ಲಿ ಬಳಕೆಯಲ್ಲಿರುವ ಅಂದಾಜು. ಶಾಲೆಯ ಗೇಟು ಮೂರು ಮೀಟರಿನದಾದರೆ ನಿಮಿಷಕ್ಕೆ 240 ಮಂದಿ, ನಾಲ್ಕು ಸಾವಿರ ಜನ ಹೊರಬೀಳಲು ಹದಿನಾರು ಹದಿನೇಳು ನಿಮಿಷ. ಮಳೆ ಬಂದರೆ, ಶಾಮಿಯಾನಕ್ಕೆ ಕಿಡಿ ತಾಗಿದರೆ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಹಿಂದಿನ ಕಾಂಪೌಂಡಿನ ಚಿಕ್ಕ ಗೇಟು ತೆರೆಸುವುದೋ, ಪಕ್ಕದ ಗೋಡೆಯ ಒಂದು ಭಾಗವನ್ನು ಒಪ್ಪಿಗೆ ಪಡೆದು ತೆರವು ಮಾಡಿಸುವುದೋ ನೋಡಿ. ಒಂದು ಹಾಳೆಯಲ್ಲಿ ಕೈಬರಹದಲ್ಲಾದರೂ ಸರಿ, ಅಳತೆ ಹಾಕಿದ ನಕ್ಷೆ ಬರೆದು ಅರ್ಜಿಗೆ ಲಗತ್ತಿಸಿ. ನನ್ನ ಮೇಜಿಗೆ ಬಂದ ನೂರಾರು ಅರ್ಜಿಗಳಲ್ಲಿ ಮುಖ್ಯ ಅತಿಥಿಗಳ ಪಟ್ಟಿ ಎರಡು ಪುಟ ಇರುತ್ತಿತ್ತು. ಗೇಟಿನ ಅಗಲ ಬರೆದವರನ್ನು ಬೆರಳಲ್ಲಿ ಎಣಿಸಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಜನಸಂದಣಿ ನಿರ್ವಹಣೆ ಕುರಿತು ಹೊರತಂದ ಮಾರ್ಗದರ್ಶಿ ಸಂಘಟಕರಿಗೂ ಉಪಯುಕ್ತ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ಪಕ್ಕದ ಕಂಬದಿಂದ ಕೊಕ್ಕೆ ಹಾಕಬೇಡಿ. ಮೆಸ್ಕಾಂ ಕಚೇರಿಯಲ್ಲಿ ಹಣ ಕಟ್ಟಿ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಮೈದಾನದ ಮೇಲೆ ಅಥವಾ ಬ್ಯಾನರ್ ಕಟ್ಟುವ ಜಾಗದ ಹತ್ತಿರ ತಂತಿ ಹಾದುಹೋಗಿದ್ದರೆ ಅದನ್ನು ಅರ್ಜಿಯಲ್ಲೇ ತಿಳಿಸಿ. ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು.

ಪ್ರಶ್ನೆ: ನಮ್ಮ ಬೀದಿಯ ಯುವಕರು ಹನ್ನೆರಡು ವರ್ಷಗಳಿಂದ ಗಣಪತಿ ಕೂರಿಸುತ್ತಿದ್ದೇವೆ. ಪ್ರತಿವರ್ಷ ಠಾಣೆಗೆ ಒಂದು ಪತ್ರ ಕೊಟ್ಟು, ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬರುತ್ತಿದ್ದೆವು. ಈ ವರ್ಷ ಹೊಸ ಇನ್‌ಸ್ಪೆಕ್ಟರ್ ಅದು ಅನುಮತಿಯೇ ಅಲ್ಲ ಎನ್ನುತ್ತಿದ್ದಾರೆ. ಇಷ್ಟು ವರ್ಷ ನಡೆದದ್ದು ಈಗ ಹೇಗೆ ತಪ್ಪಾಗುತ್ತದೆ?
ಓದುಗರು, ತುಮಕೂರು ಜಿಲ್ಲೆ

ಉತ್ತರ: ಇನ್‌ಸ್ಪೆಕ್ಟರ್ ಹೇಳಿದ್ದು ಸರಿ. ನಕಲಿನ ಮೇಲಿನ ಸೀಲು ಪತ್ರ ತಲುಪಿತು ಎಂದಷ್ಟೇ ಹೇಳುತ್ತದೆ, ಒಪ್ಪಿದ್ದೇವೆ ಎಂದು ಹೇಳುವುದಿಲ್ಲ. ‘ಈ ಮೂಲಕ ತಮ್ಮ ಗಮನಕ್ಕೆ ತರುತ್ತೇವೆ’ ಎಂದು ಮುಗಿಯುವ ಪತ್ರಕ್ಕೂ ‘ಅನುಮತಿ ನೀಡಬೇಕೆಂದು ಕೋರುತ್ತೇವೆ’ ಎಂದು ಮುಗಿಯುವ ಅರ್ಜಿಗೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಮೊದಲನೆಯದಕ್ಕೆ ಕಚೇರಿ ಉತ್ತರಿಸಲೇಬೇಕೆಂದಿಲ್ಲ. ಎರಡನೆಯದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು, ಹೌದು ಎಂದರೆ ಯಾವ ಷರತ್ತಿನ ಮೇಲೆ ಎಂಬುದನ್ನು ಬರೆಯಬೇಕು.

ಈ ಅಂತರ ಇಡೀ ರಾಜ್ಯಕ್ಕೆ ಎದ್ದು ಕಂಡದ್ದು 2025ರ ಜೂನ್ 4ರಂದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ವಿಜಯೋತ್ಸವದ ದಿನ ನೂಕುನುಗ್ಗಲಿನಲ್ಲಿ 11 ಮಂದಿ ಜೀವ ಕಳೆದುಕೊಂಡರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಾಗ ರಾಜ್ಯ ಸರ್ಕಾರ ಸಲ್ಲಿಸಿದ ವಸ್ತುಸ್ಥಿತಿ ವರದಿಯಲ್ಲಿ, ಹಿಂದಿನ ದಿನ ಠಾಣೆಗೆ ಬಂದದ್ದು ಮಾಹಿತಿ ನೀಡುವ ಪತ್ರವೇ ಹೊರತು ಅನುಮತಿ ಕೋರಿದ ಅರ್ಜಿಯಲ್ಲ, ಅದರಲ್ಲಿ ನಿರೀಕ್ಷಿತ ಜನಸಂಖ್ಯೆ, ಬಂದೋಬಸ್ತಿನ ವಿವರ ಇರಲಿಲ್ಲ ಎಂಬ ವಾದವಿತ್ತು. ಬೆಂಗಳೂರು ನಗರದಲ್ಲಿ ಸಭೆ, ಮೆರವಣಿಗೆಗಳ ಪರವಾನಗಿಗೆ 2009ರ ಆದೇಶವೊಂದಿದೆ. ಅದರಂತೆ ನಿಗದಿತ ನಮೂನೆಯಲ್ಲಿ ಕನಿಷ್ಠ ಏಳು ದಿನ ಮೊದಲು ಅರ್ಜಿ ಹೋಗಬೇಕು. ಆ ದಿನದ ದುರಂತಕ್ಕೆ ಹೊಣೆ ಯಾರದು ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ನಿಮ್ಮ ಬೀದಿಯ ಸಂಘಕ್ಕೆ ಅದರಿಂದ ತಟ್ಟುವುದು ಇಷ್ಟು: ತಿಳಿಸಿದ್ದೇವೆ ಎಂಬುದು ಅವಘಡದ ಮರುದಿನ ಯಾರನ್ನೂ ಕಾಪಾಡುವುದಿಲ್ಲ.

ನಿಮಗೊಂದು ಅನುಕೂಲವಿದೆ. ಗಣೇಶೋತ್ಸವದ ಸಮಯದಲ್ಲಿ ಅನೇಕ ನಗರಗಳಲ್ಲಿ ಸ್ಥಳೀಯ ಸಂಸ್ಥೆ, ಪೊಲೀಸ್, ವಿದ್ಯುತ್ ಕಂಪನಿ, ಅಗ್ನಿಶಾಮಕ ಇಲಾಖೆಗಳ ಸಿಬ್ಬಂದಿಯನ್ನು ಒಂದೇ ಕಡೆ ಕೂರಿಸಿ ಏಕಗವಾಕ್ಷಿ ವ್ಯವಸ್ಥೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದಾಗಲೂ ಇದು ನಡೆಯುತ್ತಿತ್ತು. 2025ರ ಸೆಪ್ಟೆಂಬರ್‌ನಿಂದ ಅಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾಗಿರುವುದರಿಂದ, ಅಲ್ಲಿನ ಓದುಗರು ತಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಿಮ್ಮ ಊರಿನಲ್ಲಿ ಏಕಗವಾಕ್ಷಿ ಇದೆಯೇ ಎಂದು ಹಬ್ಬಕ್ಕೆ ಒಂದು ತಿಂಗಳ ಮೊದಲೇ ವಿಚಾರಿಸಿ.

ಕೂರಿಸುವುದಕ್ಕಿಂತ ಬಿಡುವ ದಿನವೇ ಕಷ್ಟದ್ದು. ವಿಸರ್ಜನೆಯ ಮೆರವಣಿಗೆಯ ದಾರಿ, ಹೊರಡುವ ಮತ್ತು ಮುಗಿಯುವ ಸಮಯ, ವಾಹನಗಳ ಸಂಖ್ಯೆ, ದಾರಿಯಲ್ಲಿ ಹೆದ್ದಾರಿ ದಾಟಬೇಕೇ ಎಂಬುದು ಅರ್ಜಿಯಲ್ಲಿ ಸ್ಪಷ್ಟವಾಗಿರಲಿ. ಹಾಸನ ಜಿಲ್ಲೆಯ ಮೊಸಳೆಹೊಸಹಳ್ಳಿಯಲ್ಲಿ 2025ರ ಸೆಪ್ಟೆಂಬರ್ 12ರ ರಾತ್ರಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿ ಹತ್ತು ಮಂದಿ ಸತ್ತರು. ಅವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಹೆದ್ದಾರಿಯಲ್ಲಿ ಮೆರವಣಿಗೆಗೆ ಪೊಲೀಸರು ಬೇರೆ ದಾರಿ ಸೂಚಿಸಿದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಸಂಪ್ರದಾಯದ ದಾರಿ ಬಿಡಲಾಗದು ಎಂಬ ಮಾತಿಗಾಗಿ ಎಷ್ಟೋ ಊರುಗಳಲ್ಲಿ ವಾರಗಟ್ಟಲೆ ಹಗ್ಗಜಗ್ಗಾಟ ನಡೆದು, ಕೊನೆಗೆ ಹಿಂದಿನ ರಾತ್ರಿ ಅವಸರದಲ್ಲಿ ಅನುಮತಿ ಪತ್ರ ಟೈಪಾಗುತ್ತದೆ. ಅಂಥ ಪತ್ರದ ಷರತ್ತುಗಳನ್ನು ಆಮೇಲೆ ಯಾರೂ ಓದುವುದಿಲ್ಲ.

ಇದಲ್ಲದೆ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದೇ ಒಂದು ಮಸೂದೆಯನ್ನು 2025ರಲ್ಲಿ ವಿಧಾನಮಂಡಲದ ಮುಂದೆ ತಂದಿತು. ನಿರೀಕ್ಷಿತ ಜನರ ಸಂಖ್ಯೆ 7,000ದೊಳಗಿದೆಯೇ, 50,000 ಮೀರುತ್ತದೆಯೇ ಎಂಬುದನ್ನು ನೋಡಿ ಯಾವ ಹಂತದ ಪೊಲೀಸ್ ಅಧಿಕಾರಿ ಅನುಮತಿ ಕೊಡಬೇಕೆಂದು ಗೊತ್ತುಮಾಡುವ ಯೋಜನೆ ಅದರಲ್ಲಿತ್ತು. ಅರ್ಜಿ ಹಾಕುವ ದಿನ ಯಾವ ನಿಯಮ, ಯಾವ ನಮೂನೆ ಜಾರಿಯಲ್ಲಿದೆ ಎಂಬುದನ್ನು ಠಾಣೆಯಲ್ಲೇ ಕೇಳಿ ತಿಳಿಯುವುದು ಕ್ಷೇಮ.

ಪ್ರಶ್ನೆ: ನಮ್ಮಲ್ಲಿ ಯಕ್ಷಗಾನ ರಾತ್ರಿ ಹತ್ತಕ್ಕೆ ರಂಗೇರುತ್ತದೆ. ಹತ್ತು ಗಂಟೆಗೆ ಮೈಕು ನಿಲ್ಲಿಸಿ ಎಂದರೆ ಪ್ರಸಂಗದ ಅರ್ಧವೂ ಆಗಿರುವುದಿಲ್ಲ. ಮಧ್ಯರಾತ್ರಿಯವರೆಗೆ ವಿಶೇಷ ಅನುಮತಿ ಪಡೆಯಲು ಯಾರಿಗೆ ಅರ್ಜಿ ಹಾಕಬೇಕು?
ಓದುಗರು, ಉತ್ತರ ಕನ್ನಡ

ಉತ್ತರ: ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು 2000ನೇ ಇಸವಿಯಲ್ಲಿ ಜಾರಿಗೆ ಬಂದವು. ಅವುಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತೆಯೇ ಇಲ್ಲ. ಸುತ್ತ ಮುಚ್ಚಿದ ಸಭಾಂಗಣ, ಸಮುದಾಯ ಭವನಗಳಿಗೆ ಮಾತ್ರ ವಿನಾಯಿತಿಯಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆದರೆ ಅದನ್ನು ಕೊಡುವುದು ರಾಜ್ಯ ಸರ್ಕಾರ. ಆ ದಿನಗಳನ್ನು ಮುಂಚಿತವಾಗಿ ಸಾರ್ವಜನಿಕವಾಗಿ ಪ್ರಕಟಿಸಬೇಕು. ನಿಮ್ಮ ಸಂಘ ಅರ್ಜಿ ಹಾಕಿದ ಮಾತ್ರಕ್ಕೆ ಠಾಣೆಯ ಅಧಿಕಾರಿ ತಾನಾಗಿಯೇ ಹನ್ನೆರಡು ಗಂಟೆಯವರೆಗೆ ಬರೆದುಕೊಡುವ ಅಧಿಕಾರ ಈ ನಿಯಮಗಳಲ್ಲಿಲ್ಲ. ಕೆಲವು ಕಡೆ ಬಾಯಿಮಾತಿನಲ್ಲಿ ‘ಆಯ್ತು ನಡೆಸಿಕೊಳ್ಳಿ’ ಎನ್ನುವುದುಂಟು. ದೂರು ಬಂದ ಮರುಕ್ಷಣ ಆ ಮಾತಿಗೆ ಬೆಲೆಯಿಲ್ಲ.

ಇದು ಕಲೆಗೆ ಆದ ಅನ್ಯಾಯವೆಂದು ನಿಮ್ಮ ಜಿಲ್ಲೆಯ ಅನೇಕರು ಬರೆಯುತ್ತಾರೆ. ಇರುಳಿಡೀ ಆಟ ನೋಡಿ ಬೆಳೆದವರ ಸಂಕಟ ನನಗೆ ಅರ್ಥವಾಗುತ್ತದೆ. ಕಟೀಲು ಮೇಳದಂಥ ದೊಡ್ಡ ಮೇಳವೇ 2022ರಲ್ಲಿ ಇದೇ ನಿಯಮದ ಹಿನ್ನೆಲೆಯಲ್ಲಿ ಕಾಲಮಿತಿ ಪ್ರದರ್ಶನಕ್ಕೆ ಹೊರಳಿದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ಎದ್ದಿತ್ತು. ಪ್ರಾಯೋಗಿಕವಾಗಿ ಇರುವ ದಾರಿಗಳು ಮೂರು: ಸಂಜೆ ಐದೂವರೆ ಆರಕ್ಕೆ ಚೌಕಿಪೂಜೆ (ಆಟಕ್ಕೆ ಮೊದಲು ಬಣ್ಣದ ಮನೆಯಲ್ಲಿ ಮಾಡುವ ಪೂಜೆ) ಮುಗಿಸಿ ಕಾಲಮಿತಿಯಲ್ಲಿ ಆಡುವುದು, ಮುಚ್ಚಿದ ಸಭಾಂಗಣಕ್ಕೆ ಹೋಗುವುದು, ಅಥವಾ ಸರ್ಕಾರ ಪ್ರಕಟಿಸಿದ ಸಡಿಲಿಕೆಯ ದಿನಗಳನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ತಿಳಿದು ಅದಕ್ಕೆ ತಕ್ಕಂತೆ ದಿನ ಗೊತ್ತುಮಾಡುವುದು. ಮೈಕಿಲ್ಲದೆ ಆಡುವುದು ನಾಲ್ಕನೆಯ ದಾರಿ. ಹಿಂದೆ ಹಾಗೆಯೇ ಆಡುತ್ತಿದ್ದರು ಎಂದು ಹಿರಿಯ ಭಾಗವತರು ನೆನಪಿಸಬಹುದು, ಆದರೆ ಚೆಂಡೆಯ ಸದ್ದಿಗೂ ರಾತ್ರಿಯ ಮಿತಿ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ನಮ್ಮ ಮನೆ ಸಾರ್ವಜನಿಕ ಮೈದಾನದ ಎದುರಿಗೇ ಇದೆ. ತಿಂಗಳಿಗೆ ಮೂರು ನಾಲ್ಕು ಕಾರ್ಯಕ್ರಮ. ಹಾಸಿಗೆ ಹಿಡಿದ ತಾಯಿಯವರಿದ್ದಾರೆ. ಕೇಳಿದರೆ ‘ಪರ್ಮಿಷನ್ ಇದೆ’ ಎನ್ನುತ್ತಾರೆ. ಅನುಮತಿ ಇದ್ದರೆ ನಾವು ಸುಮ್ಮನಿರಬೇಕೇ?
ಓದುಗರು, ಹುಬ್ಬಳ್ಳಿ

ಉತ್ತರ: ಸುಮ್ಮನಿರಬೇಕಾಗಿಲ್ಲ. ಅನುಮತಿಯೆಂದರೆ ಎಷ್ಟು ಬೇಕಾದರೂ ಸದ್ದು ಮಾಡಬಹುದೆಂಬ ಪರವಾನಗಿಯಲ್ಲ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂಬುದು ನಿಗದಿಯಾದ ಮಟ್ಟ. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಆ ಮಟ್ಟಕ್ಕಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಈ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ನಿಮ್ಮ ಮೈದಾನದ ಗಡಿಗೆ ಹಗಲಿನ ಲೆಕ್ಕ 65 ಆಗುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಶಾಂತ ವಲಯವೆಂದು ಘೋಷಿಸಿದ್ದರೆ ನಿಯಮ ಇನ್ನೂ ಬಿಗಿ. ಸದ್ದು ಮೀರಿದಾಗ 112ಕ್ಕೆ ಕರೆ ಮಾಡಿ, ಮರುದಿನ ಅದೇ ದೂರನ್ನು ಲಿಖಿತವಾಗಿ ಪೊಲೀಸ್ ಆಯುಕ್ತರ ಕಚೇರಿಗೆ ಕೊಡಿ. ಮೈದಾನ ಪಾಲಿಕೆಯದಾದರೆ ಪಾಲಿಕೆಗೂ ಒಂದು ಪ್ರತಿ ಹೋಗಲಿ, ಏಕೆಂದರೆ ಜಾಗ ಕೊಡುವವರು ಮುಂದಿನ ಬಾರಿ ಷರತ್ತು ಹಾಕಲು ಅವರ ಕಡತದಲ್ಲಿ ಒಂದು ದೂರಾದರೂ ಇರಬೇಕು. ಕಾರ್ಯಕ್ರಮದ ಅನುಮತಿ ಪತ್ರದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಷರತ್ತುಗಳು ಅದರಲ್ಲೇ ಇರುತ್ತವೆ.

ಪ್ರಶ್ನೆ: ನಾವು ಬೆಲೆ ಏರಿಕೆಯ ವಿರುದ್ಧ ತಾಲ್ಲೂಕು ಕೇಂದ್ರದಲ್ಲಿ ಬಹಿರಂಗ ಸಭೆ ನಡೆಸಲು ಅರ್ಜಿ ಕೊಟ್ಟು ಹತ್ತು ದಿನವಾಯಿತು. ಉತ್ತರವೂ ಇಲ್ಲ, ನಿರಾಕರಣೆಯೂ ಇಲ್ಲ. ಸಭೆ ಸೇರುವುದು ಮೂಲಭೂತ ಹಕ್ಕಲ್ಲವೇ? ಅದಕ್ಕೂ ಅನುಮತಿ ಏಕೆ?
ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ಹಕ್ಕು ಹೌದು. ಶಸ್ತ್ರಾಸ್ತ್ರಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವುದನ್ನು ಸಂವಿಧಾನದ 19(1)(ಬಿ) ವಿಧಿ ಕೊಟ್ಟಿದೆ. 19(3)ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆಯ ದೃಷ್ಟಿಯಿಂದ ಸಮಂಜಸ ನಿರ್ಬಂಧಗಳಿಗೆ ಅವಕಾಶ ಇಟ್ಟಿದೆ. ಈ ಎರಡರ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟ್ 1972ರಲ್ಲೇ, ಅಹಮದಾಬಾದಿನ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಎಳೆಯಿತು: ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಯಾವ ಆಧಾರದ ಮೇಲೆ ನಿರಾಕರಿಸಬೇಕೆಂಬ ಮಾರ್ಗಸೂಚಿಯೇ ಇಲ್ಲದೆ ಅಧಿಕಾರಿಯ ಮನಸ್ಸಿಗೆ ಬಿಡುವಂತಿಲ್ಲ. ಅಂದರೆ ಅನುಮತಿ ಕೇಳಿಸುವುದು ತಪ್ಪಲ್ಲ, ಕಾರಣ ಹೇಳದೆ ನಿರಾಕರಿಸುವುದು ತಪ್ಪು. ಉತ್ತರಿಸದೆ ದಿನ ದೂಡುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಪ್ರಶ್ನಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ, ಪಡೆಯುವುದು. ‘ನನ್ನ ಇಂಥ ಸಂಖ್ಯೆಯ ಅರ್ಜಿಯ ಮೇಲೆ ಕೈಗೊಂಡ ನಿರ್ಧಾರವನ್ನು ಕಾರಣ ಸಹಿತ ಹಿಂಬರಹದ ಮೂಲಕ ತಿಳಿಸಬೇಕು’ ಎಂದು ಎರಡು ಸಾಲಿನ ಜ್ಞಾಪನ ಪತ್ರ ಕೊಡಿ. ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸಿ ಸಕಾಲ ಸಂಖ್ಯೆ ಪಡೆದಿದ್ದರೆ ವಿಳಂಬದ ಮೇಲೆ ಮೇಲ್ಮನವಿ ಹೋಗಬಹುದು. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ 2011ರ ಸಕಾಲ ಕಾಯ್ದೆಯಡಿ ವಿಳಂಬವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಚಿಕ್ಕದು, ಆದರೆ ಅದು ಸಂಬಂಧಪಟ್ಟವರ ಹೆಸರಿನಲ್ಲಿ ದಾಖಲಾಗುವುದರಿಂದ ಕಡತ ಚಲಿಸುತ್ತದೆ.

ನಿಷೇಧಾಜ್ಞೆ ಇದೆ ಎಂಬ ಕಾರಣ ಕೊಟ್ಟರೆ ಆದೇಶದ ಪ್ರತಿ ಕೇಳಿ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ್ದ ಇಂಥ ಆದೇಶದಿಂದ ಅದಾಗಲೇ ಕೊಟ್ಟಿದ್ದ ಅನುಮತಿಗಳೂ ರದ್ದಾಗಿದ್ದವು. ಆ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲವೆಂದು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಇನ್ನು ಜಾಗದ ವಿಷಯದಲ್ಲಿ, ಬೆಂಗಳೂರಿನಲ್ಲಿ 2021ರ ಆದೇಶದಂತೆ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಗೊತ್ತಾದ ಜಾಗ. ನಿಮ್ಮ ತಾಲ್ಲೂಕಿಗೆ ಆ ಆದೇಶ ಅನ್ವಯಿಸುವುದಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಒಂದು ಇತ್ತೀಚಿನ ಉದಾಹರಣೆಯಿದೆ. 2025ರ ಅಕ್ಟೋಬರ್‌ನಲ್ಲಿ ಚಿತ್ತಾಪುರದಲ್ಲಿ ಆರ್‌ಎಸ್‌ಎಸ್ ಪಥಸಂಚಲನಕ್ಕೆ ತಾಲ್ಲೂಕು ಆಡಳಿತ ಅನುಮತಿ ನಿರಾಕರಿಸಿತು. ಬೇರೆ ಸಂಘಟನೆಗಳೂ ಅದೇ ದಿನ ಅದೇ ಊರಿನಲ್ಲಿ ಮೆರವಣಿಗೆಗೆ ಅರ್ಜಿ ಹಾಕಿದ್ದವು. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ, ಹೊಸ ಅರ್ಜಿ, ಶಾಂತಿ ಸಭೆಗಳ ನಂತರ, ನವೆಂಬರ್ 16ರಂದು ಭಾಗವಹಿಸುವವರ ಸಂಖ್ಯೆ ಮತ್ತು ಸಮಯಕ್ಕೆ ಮಿತಿ ಹಾಕಿ ಅವಕಾಶ ಕೊಡಲಾಯಿತು. ಸರ್ಕಾರಿ ಜಾಗಗಳಲ್ಲಿ ಖಾಸಗಿ ಸಂಘಟನೆಗಳ ಕಾರ್ಯಕ್ರಮಕ್ಕೆ ಮುಂಗಡ ಅನುಮತಿ ಕಡ್ಡಾಯವೆಂದು ಸರ್ಕಾರ ಅದೇ ಅಕ್ಟೋಬರ್ 18ರಂದು ಹೊರಡಿಸಿದ ಆದೇಶಕ್ಕೆ ಹೈಕೋರ್ಟಿನ ಧಾರವಾಡ ಪೀಠ ಬಳಿಕ ತಡೆ ನೀಡಿತು. ಹತ್ತಕ್ಕಿಂತ ಹೆಚ್ಚು ಜನ ಸೇರಿದರೂ ಆ ಆದೇಶ ಅನ್ವಯವಾಗುವಂತಿತ್ತು. ಆ ಸಂಘಟನೆಯ ಬಗ್ಗೆ ಅಥವಾ ಸರ್ಕಾರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಡೆದ ಕ್ರಮ ನಿಮಗೂ ಅನ್ವಯಿಸುವಂಥದು: ನಿರಾಕರಣೆಯನ್ನು ಲಿಖಿತವಾಗಿ ಪಡೆಯುವುದು, ಬದಲಿ ದಿನ ಮತ್ತು ದಾರಿ ಸೂಚಿಸುವುದು, ಅಲ್ಲಿಗೂ ಆಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ತಡೆ ಸಿಕ್ಕಿದ್ದರಿಂದ ಇನ್ನು ಯಾವ ಅನುಮತಿಯೂ ಬೇಡ ಎಂದು ಕೆಲವರು ತಿಳಿದಂತಿದೆ. ಹಾಗಲ್ಲ, ಧ್ವನಿವರ್ಧಕ, ಮೆರವಣಿಗೆ, ರಸ್ತೆ ಸಂಚಾರದ ಮೊದಲಿನ ನಿಯಮಗಳು ಹಾಗೆಯೇ ಇವೆ.

ಪ್ರಶ್ನೆ: ನಮ್ಮ ಗ್ರಾಮದೇವತೆಯ ಜಾತ್ರೆ ತಲೆತಲಾಂತರದಿಂದ ನಡೆದುಬಂದಿದೆ. ಅದಕ್ಕೂ ಅನುಮತಿ ಬೇಕೆನ್ನುವುದು ಎಷ್ಟು ಸರಿ? ದೇವಿಗೆ ಪರ್ಮಿಷನ್ ಕೊಡುವವರು ಯಾರು?
ಓದುಗರು, ಮಂಡ್ಯ ಜಿಲ್ಲೆ

ಉತ್ತರ: ದೇವಿಗೆ ಯಾರೂ ಕೊಡುವುದಿಲ್ಲ. ತೇರಿಗೆ, ಅಡುಗೆಗೆ, ಮೈಕಿಗೆ, ಪಟಾಕಿಗೆ ಕೇಳುತ್ತಾರೆ. ಜಾತ್ರೆಯನ್ನು ಸಾಮಾನ್ಯವಾಗಿ ಹೊಸ ಕಾರ್ಯಕ್ರಮದಂತೆ ನೋಡುವುದಿಲ್ಲ. ತಹಶೀಲ್ದಾರರು ಪೂರ್ವಭಾವಿ ಸಭೆ ಕರೆದು, ದೇವಸ್ಥಾನ ಸಮಿತಿ, ಪಂಚಾಯಿತಿ, ಪೊಲೀಸ್, ಆರೋಗ್ಯ, ವಿದ್ಯುತ್ ಇಲಾಖೆಗಳವರನ್ನು ಕೂರಿಸಿ ಕೆಲಸ ಹಂಚುತ್ತಾರೆ. ಆ ಸಭೆಯ ನಡಾವಳಿಯೇ ನಿಮ್ಮ ಆಧಾರ ಪತ್ರ. ಅದರ ಪ್ರತಿಯನ್ನು ಸಮಿತಿಯವರು ಇಟ್ಟುಕೊಳ್ಳಬೇಕು.

ತೇರಿನ ಎತ್ತರದ ಪೈಪೋಟಿ ಬೇಡ ಎಂದು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ ನೂರು ಅಡಿ ಮೀರಿದ ಕುರ್ಜು (ಎತ್ತರದ ತೇರು) 2024ರಲ್ಲೂ ಉರುಳಿತ್ತು. 2025ರ ಮಾರ್ಚ್‌ನಲ್ಲಿ ಗಾಳಿ ಮಳೆಗೆ ಮತ್ತೆ ಉರುಳಿ ಇಬ್ಬರು ಸತ್ತರು. ತೇರಿನ ಅಚ್ಚು, ಚಕ್ರ, ಹಗ್ಗಗಳನ್ನು ಲೋಕೋಪಯೋಗಿ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ಗಾಳಿ ಜೋರಾದರೆ ಎಳೆಯುವುದನ್ನು ನಿಲ್ಲಿಸಲು ಒಬ್ಬರಿಗೆ ಅಧಿಕಾರ ಕೊಟ್ಟು ಹೆಸರು ಬರೆದಿಡಿ. ಅನ್ನಸಂತರ್ಪಣೆಗೂ ಆಹಾರ ಸುರಕ್ಷತಾ ನೋಂದಣಿ ಬೇಕು. ಧಾರ್ಮಿಕ ಸಮಾರಂಭಗಳಲ್ಲಿ ಆಹಾರ ಹಂಚುವವರು ಆ ನಿಯಮದೊಳಗೆ ಸ್ಪಷ್ಟವಾಗಿ ಬರುತ್ತಾರೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಪ್ರಸಾದದಲ್ಲಿ ವಿಷ ಬೆರೆತು ಹದಿನೈದಕ್ಕೂ ಹೆಚ್ಚು ಭಕ್ತರು ಸತ್ತ ಬಳಿಕ, ಅಡುಗೆಮನೆಗೆ ಯಾರು ಬಂದರು ಹೋದರು ಎಂಬುದನ್ನು ಅಧಿಕಾರಿಗಳು ಕೇಳುವುದರಲ್ಲಿ ಅತಿರೇಕವೇನೂ ನನಗೆ ಕಾಣುವುದಿಲ್ಲ.

ಪ್ರಶ್ನೆ: ಆರ್ಕೆಸ್ಟ್ರಾ ಇಟ್ಟರೆ ಹಾಡುಗಳ ಹಕ್ಕಿನವರಿಗೆ ಹಣ ಕಟ್ಟಬೇಕೆಂದು ಯಾರೋ ಬಂದು ಕೇಳಿದರು. ನಿಜವೇ?
ಓದುಗರು, ದಾವಣಗೆರೆ

ಉತ್ತರ: ಸಂದರ್ಭ ನೋಡಬೇಕು. ಧಾರ್ಮಿಕ ವಿಧಿಯ ಅಂಗವಾಗಿ, ಮದುವೆಯ ಮೆರವಣಿಗೆಯೂ ಸೇರಿ, ಹಾಡು ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಹವ್ಯಾಸಿ ಸಂಘ ಹಣ ಕೊಡದೆ ಬಂದ ಪ್ರೇಕ್ಷಕರ ಮುಂದೆ ತಾನೇ ಹಾಡಿದರೂ ವಿನಾಯಿತಿಯಿದೆ. ಸಂಭಾವನೆಯ ತಂಡ ಕರೆಸಿ ಟಿಕೆಟ್ ಮಾರಿದರೆ ಪರವಾನಗಿ ಬೇಕು. ಕೇಳಲು ಬಂದವರಿಂದ ಅವರ ಸಂಸ್ಥೆಯ ಅಧಿಕಾರ ಪತ್ರ ನೋಡದೆ, ರಸೀದಿ ಪಡೆಯದೆ ಹಣ ಕೊಡಬೇಡಿ.

ಪ್ರಶ್ನೆ: ಮೈದಾನಕ್ಕೆ ಕಟ್ಟಿದ ಸ್ವಚ್ಛತಾ ಠೇವಣಿಯನ್ನು ಸ್ಥಳೀಯ ಸಂಸ್ಥೆಯವರು ಆರು ತಿಂಗಳಾದರೂ ಹಿಂದಿರುಗಿಸಿಲ್ಲ. ಏನು ಮಾಡಬೇಕು?
ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಠೇವಣಿ ತಾನಾಗಿ ಬರುವುದಿಲ್ಲ, ಅದಕ್ಕೂ ಅರ್ಜಿ ಬೇಕು. ಮೂಲ ರಸೀದಿ, ಸಂಘದ ಬ್ಯಾಂಕ್ ಖಾತೆಯ ವಿವರ, ಮೈದಾನ ಸ್ವಚ್ಛವಾಗಿ ಒಪ್ಪಿಸಿದ್ದಕ್ಕೆ ಆರೋಗ್ಯ ನಿರೀಕ್ಷಕರ ವರದಿ ಲಗತ್ತಿಸಿ. ಆ ವರದಿ ಪಡೆದಿಲ್ಲವಾದರೆ ಈಗ ಸ್ವಲ್ಪ ಓಡಾಟವಿದೆ. ಮುಂದಿನ ಬಾರಿ ಶಾಮಿಯಾನ ಬಿಚ್ಚಿದ ಬೆಳಿಗ್ಗೆಯೇ ನಿರೀಕ್ಷಕರನ್ನು ಕರೆದು ಮೈದಾನ ತೋರಿಸಿ, ಗುಂಡಿ ಮುಚ್ಚಿದ ಜಾಗಗಳ ಫೋಟೊ ತೆಗೆದು, ಅಲ್ಲೇ ಅವರ ಸಹಿ ಪಡೆಯಿರಿ.